ಅಜ್ಜಿ ಜಗಳ ಮರೆತರು, ಬೇಜಾರು ಯಾಕೆ ಹೋಗಲಿಲ್ಲ?

ಪ್ರಶ್ನೆ: ಡಾಕ್ಟರ್, ನನಗೆ 16 ವರ್ಷ. ಚಿಕ್ಕಂದಿನಿಂದ ನಾನು ಮಲಗುತ್ತಿದ್ದುದು ಅಜ್ಜಿಯ ಪಕ್ಕದಲ್ಲೇ. ಎರಡು ವರ್ಷದಿಂದ ಅವರಿಗೆ ಮರೆವು ಶುರುವಾಗಿದೆ. ಆಲ್‌ಝೈಮರ್ ಎಂದು ಡಾಕ್ಟರು ಹೇಳಿದ್ದಾರೆ. ಈಗ ನನ್ನನ್ನು ಅಮ್ಮನ ಹೆಸರು ಹಿಡಿದು ಕರೆಯುತ್ತಾರೆ. ತಾತ ತೀರಿಕೊಂಡು ಆರು ವರ್ಷವಾಯಿತು. ಆದರೂ ಸಂಜೆಯಾದರೆ ಸಾಕು, "ಇನ್ನೂ ಬಂದಿಲ್ವಾ?" ಅಂತ ಹತ್ತು ಸಲ ಕೇಳುತ್ತಾರೆ. ಹೋದ ವಾರ ಅವರ ಪರ್ಸ್ ಸಿಗಲಿಲ್ಲ. ನಾನೇ ದುಡ್ಡು ಕದ್ದೆ ಎಂದರು, ಅದೂ ನನ್ನ ಗೆಳತಿಯ ಎದುರಿಗೆ. ನನಗೆ ಸಿಟ್ಟು ತಡೆಯಲಾಗಲಿಲ್ಲ, ಕಿರುಚಿಬಿಟ್ಟೆ. ಅಜ್ಜಿ ಅತ್ತರು. ಸ್ವಲ್ಪ ಹೊತ್ತಿಗೆ ಎಲ್ಲ ಮರೆತರು, ಪರ್ಸಿನ ಮಾತೇ ಎತ್ತಲಿಲ್ಲ. ಆದರೆ ಇಡೀ ಸಂಜೆ ಮಂಕಾಗಿ ಕೂತಿದ್ದರು. "ಬಿಡು, ಅವರಿಗೇನೂ ನೆನಪಿಲ್ಲ" ಅಂತಾರೆ ಅಮ್ಮ. ನಿಜವಾಗ್ಲೂ ನೆನಪಿಲ್ವಾ? ಒಮ್ಮೊಮ್ಮೆ ಅಜ್ಜಿ ಇರುವ ಕೋಣೆಗೆ ಹೋಗೋದೇ ಬೇಡ ಅನ್ನಿಸುತ್ತದೆ. ಆಮೇಲೆ ಅಳು ಬರುತ್ತದೆ. ನಾನು ಕೆಟ್ಟವಳಾ? ನನಗೂ ಮುಂದೆ ಹೀಗೇ ಆಗುತ್ತದಾ?

ಉತ್ತರ: ಮೊದಲು ನೀನು ಕೊನೆಯಲ್ಲಿ ಕೇಳಿದ ಒಂದು ಪ್ರಶ್ನೆಗೆ ಉತ್ತರ. ನೀನು ಕೆಟ್ಟವಳಲ್ಲ ಪುಟ್ಟಾ. ಸುಳ್ಳು ಆರೋಪ ಬಂದಾಗ ಯಾರಿಗಾದರೂ ಸಿಟ್ಟು ಬರುತ್ತದೆ. ಅದೂ ಪ್ರೀತಿಯ ಅಜ್ಜಿಯಿಂದ, ಗೆಳತಿಯ ಎದುರಿಗೆ! ನಲವತ್ತು, ಐವತ್ತು ವರ್ಷದ ಮಕ್ಕಳೂ ತಮ್ಮ ತಾಯಿಯ ಮೇಲೆ ಹೀಗೆ ಕಿರುಚಿ, ಆಮೇಲೆ ನನ್ನ ಎದುರು ಕೂತು ಅಳುತ್ತಾರೆ. ನೀನು ಹದಿನಾರಕ್ಕೇ ಇದನ್ನೆಲ್ಲ ಎದುರಿಸುತ್ತಿದ್ದೀಯ.

ಈಗ ನಿನ್ನ ದೊಡ್ಡ ಪ್ರಶ್ನೆ. ಅಮ್ಮ ಹೇಳಿದ್ದು ಅರ್ಧ ಸರಿ. ಜಗಳ ಅಜ್ಜಿಗೆ ನೆನಪಿಲ್ಲ. ಆದರೆ ಜಗಳದಿಂದಾದ ನೋವು ಜಗಳದ ಜೊತೆಗೇ ಮರೆತುಹೋಗಿರಬೇಕು ಅಂತೇನಿಲ್ಲ. ಇದನ್ನು ನಿನ್ನಿಂದ ಮುಚ್ಚಿಡಬಹುದಿತ್ತು. ಆದರೆ ನೀನು ಅಜ್ಜಿಯ ಮುಖ ನೋಡಿದ್ದೀಯ, ಮಂಕಾಗಿದ್ದರು ಅಂತ ನೀನೇ ಬರೆದಿದ್ದೀಯ. ನಿನ್ನ ಕಣ್ಣು ಸರಿಯಾಗಿಯೇ ನೋಡಿದೆ.

ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನೇ ಪರೀಕ್ಷಿಸಿ ನೋಡಿದರು. 2010ರಲ್ಲಿ, ಮಿದುಳಿನ ನೆನಪಿನ ಭಾಗಕ್ಕೆ ಪೆಟ್ಟಾದವರಿಗೆ ದುಃಖದ ಸಿನಿಮಾ ತುಣುಕುಗಳನ್ನು ತೋರಿಸಿದರು. ಸ್ವಲ್ಪ ಹೊತ್ತಾದ ಮೇಲೆ ಏನು ನೋಡಿದಿರಿ ಎಂದು ಕೇಳಿದರೆ ಅವರಿಗೆ ಹೆಚ್ಚೇನೂ ನೆನಪಿರಲಿಲ್ಲ. ದುಃಖ ಮಾತ್ರ ಹಾಗೇ ಇತ್ತು. 2014ರಲ್ಲಿ ಆಲ್‌ಝೈಮರ್ ಇರುವವರ ಜೊತೆ ಇದೇ ಪ್ರಯೋಗ ಮಾಡಿದಾಗಲೂ ಹಾಗೇ ಆಯಿತು. ಸಿನಿಮಾ ಮರೆತಿದ್ದರೂ, ಅದು ಮುಗಿದು ಅರ್ಧ ಗಂಟೆಯವರೆಗೂ ಮನಸ್ಸಿನ ಭಾರ ಪೂರ್ತಿ ಇಳಿದಿರಲಿಲ್ಲ. ಯಾಕೆ ಬೇಜಾರಾಗಿದೆ ಅಂತ ಗೊತ್ತಿಲ್ಲ, ಬೇಜಾರಂತೂ ಇದೆ. ಇದು ಎಷ್ಟು ಕಷ್ಟ ನೋಡು. ನಮಗೆ ಬೇಜಾರಾದರೆ ಕಾರಣ ಗೊತ್ತಿರುತ್ತದೆ, ಅದರ ಬಗ್ಗೆ ಮಾತಾಡಿ ಹಗುರಾಗಬಹುದು. ಅಜ್ಜಿಗೆ ಆ ದಾರಿಯೂ ಇಲ್ಲ.

ಅಂದು ಇಡೀ ಸಂಜೆ ಅವರು ಮಂಕಾಗಿದ್ದಕ್ಕೆ ನೀನು ಕಿರುಚಿದ್ದೊಂದೇ ಕಾರಣ ಅಂತ ನಾನು ಹೇಳಲಾರೆ. ಈ ಕಾಯಿಲೆಯಲ್ಲಿ ಸಂಜೆಯ ಹೊತ್ತೇ ಕಷ್ಟದ್ದು. ಬೆಳಕು ಕಡಿಮೆಯಾಗುತ್ತಿದ್ದಂತೆ ಚಡಪಡಿಕೆ, ಅಳು, ಗೊಂದಲ ಹೆಚ್ಚುವುದು ತುಂಬ ಜನರಲ್ಲಿ ಇದೆ. ಹಾಗಾಗಿ ಎಲ್ಲ ಭಾರವನ್ನೂ ನಿನ್ನ ತಲೆ ಮೇಲೆ ಹಾಕಿಕೊಳ್ಳಬೇಡ.

ಈ ವಿಷಯಕ್ಕೆ ಇನ್ನೊಂದು ಮುಖವೂ ಇದೆ. ನಾನು ಈ ಪತ್ರಕ್ಕೆ ಉತ್ತರ ಬರೆಯಲು ಕೂತಿದ್ದೇ ಅದನ್ನು ಹೇಳಲಿಕ್ಕೆ. ಆ ಪ್ರಯೋಗದಲ್ಲಿ ಖುಷಿಯ ತುಣುಕುಗಳನ್ನೂ ತೋರಿಸಿದ್ದರು. ಸಿನಿಮಾ ಮರೆತ ಮೇಲೂ ಖುಷಿ ಉಳಿದಿತ್ತು. ಅಂದರೆ ನೀನು ಹತ್ತು ನಿಮಿಷ ಅಜ್ಜಿಯ ಪಕ್ಕದಲ್ಲಿ ಕೂತು, ಅವರ ಕೈ ಸವರಿ, ಯಾವುದೋ ಹಳೆಯ ಸಂಗತಿಗೆ ಇಬ್ಬರೂ ನಕ್ಕಿರಿ ಅಂದುಕೋ. ನೀನು ಎದ್ದು ಹೋದ ಐದು ನಿಮಿಷಕ್ಕೆ ಅವರು "ನನ್ನ ಹತ್ತಿರ ಯಾರೂ ಬರೋದೇ ಇಲ್ಲ" ಅನ್ನಬಹುದು. ಕೇಳಿದರೆ ಹೊಟ್ಟೆ ಉರಿಯುತ್ತದೆ. ಆದರೂ ಆ ಹತ್ತು ನಿಮಿಷ ವ್ಯರ್ಥವಾಗಿಲ್ಲ. ಬಂದವರು ಯಾರು ಅನ್ನೋದು ಮರೆತಿದೆ, ಬಂದಿದ್ದರಿಂದ ಸಿಕ್ಕ ಸಮಾಧಾನ ಇನ್ನೂ ಒಳಗಿದೆ.

ನನ್ನ ಬಳಿ ಬರುತ್ತಿದ್ದ ಒಬ್ಬ ತಾತನ ಜೊತೆ ಅವರ ಮೊಮ್ಮಗ ಬರುತ್ತಿದ್ದ. ನಿನ್ನಷ್ಟೇ ವಯಸ್ಸು. ತಾತನಿಗೆ ಅವನ ಹೆಸರು ಗೊತ್ತಿರಲಿಲ್ಲ. "ಈ ಹುಡುಗ ಯಾರು?" ಅಂತ ನಾನು ಕೇಳಿದರೆ ಸ್ವಲ್ಪ ಯೋಚಿಸಿ, "ಯಾರೋ ಒಳ್ಳೆಯವನು" ಎನ್ನುತ್ತಿದ್ದರು. ಹಾಗೆ ಹೇಳುವಾಗ ಅವರ ಕೈ ತಾನಾಗಿಯೇ ಹುಡುಗನ ಮೊಣಕೈ ಹಿಡಿದುಕೊಂಡಿರುತ್ತಿತ್ತು. ನಾನು ಅವರ ಮಾತಿಗಿಂತ ಆ ಕೈಯನ್ನೇ ನೋಡುತ್ತಿದ್ದೆ.

ಅಜ್ಜಿಯ ತಲೆಯೊಳಗೆ ಏನಾಗುತ್ತಿದೆ ಅಂತ ಸ್ವಲ್ಪ ತಿಳಿದರೆ ಸಿಟ್ಟು ಅರ್ಧ ಇಳಿಯುತ್ತದೆ. ಮಿದುಳಿನ ಒಳಭಾಗದಲ್ಲಿ ಎಡಕ್ಕೊಂದು ಬಲಕ್ಕೊಂದು ಹಿಪೊಕ್ಯಾಂಪಸ್ ಎಂಬ ಪುಟ್ಟ ಭಾಗಗಳಿವೆ. ಈಗ ತಾನೇ ನಡೆದದ್ದನ್ನು ನೆನಪಾಗಿ ಮಾಡುವ ಕೆಲಸ ಅವುಗಳದ್ದು. ಆಲ್‌ಝೈಮರ್ ಸಾಮಾನ್ಯವಾಗಿ ಹಾಳು ಮಾಡಲು ಶುರು ಮಾಡುವುದೇ ಅಲ್ಲಿಂದ. ಒದ್ದೆ ಸ್ಲೇಟಿನ ಮೇಲೆ ಬಳಪದಲ್ಲಿ ಬರೆದು ನೋಡಿದ್ದೀಯಾ? ಎಷ್ಟು ಒತ್ತಿ ಬರೆದರೂ ಅಕ್ಷರ ಮೂಡುವುದಿಲ್ಲ. ಅಜ್ಜಿಗೆ ನೀನು ಹೇಳಿದ ಉತ್ತರ ಹಾಗೆ. ಅವರು ನಿನ್ನ ಮಾತಿಗೆ ಗಮನ ಕೊಡಲಿಲ್ಲ ಅಂತಲ್ಲ, ಅದು ಬರೆದೇ ಇಲ್ಲ. ಅದಕ್ಕೇ ಹನ್ನೊಂದನೇ ಸಲ ಕೇಳುವಾಗಲೂ ಅವರ ಪಾಲಿಗೆ ಅದು ಮೊದಲನೇ ಸಲ.

ಹಳೆಯ ನೆನಪುಗಳು ಬೇರೆ ಕಡೆಗಳಲ್ಲಿ ಗಟ್ಟಿಯಾಗಿ ಕೂತಿರುತ್ತವೆ. ಅವು ಕೊನೆಗೆ ಅಳಿಸಿಹೋಗುತ್ತವೆ. ಹಾಗಾಗಿ ಅಜ್ಜಿಯ ಮನಸ್ಸು ಆಗಾಗ ಮೂವತ್ತು ವರ್ಷ ಹಿಂದಕ್ಕೆ ಹೋಗಿ ನಿಲ್ಲುತ್ತದೆ. ಅಲ್ಲಿ ಅವರ ಮಗಳಿಗೆ ಹದಿನಾರು ವರ್ಷ. ಸಂಜೆ ಹೊತ್ತಿಗೆ ಗಂಡ ಮನೆಗೆ ಬರುತ್ತಾರೆ. ಈಗ ಹೇಳು, ಅಲ್ಲಿ ನಿಂತು ನೋಡಿದರೆ ಅಮ್ಮನ ಹಾಗೇ ಇರುವ ಹದಿನಾರರ ಹುಡುಗಿ ಯಾರು? ನಿನ್ನನ್ನು ಅಮ್ಮನ ಹೆಸರಿನಿಂದ ಕರೆಯುವಾಗ ಅವರು ನಿನ್ನನ್ನು ಪರಕೀಯಳು ಅಂದುಕೊಂಡಿಲ್ಲ. ತಮ್ಮವಳು ಅಂತ ಗುರುತು ಹಿಡಿದಿದ್ದಾರೆ, ಹೆಸರು ಮಾತ್ರ ಒಂದು ತಲೆಮಾರು ಹಿಂದಿನದು.

1901ರಲ್ಲಿ ಜರ್ಮನಿಯ ವೈದ್ಯ ಅಲೋಯ್ಸ್ ಆಲ್‌ಝೈಮರ್ ಅವರ ಬಳಿಗೆ ಆಗುಸ್ಟೆ ಡೀಟರ್ ಎಂಬ 51 ವರ್ಷದ ಮಹಿಳೆ ಬಂದರು. ಗಂಡನ ಹೆಸರೇನು ಎಂದು ಕೇಳಿದರೆ ಅವರು ತಮ್ಮ ಹೆಸರನ್ನೇ ಹೇಳಿದ್ದರು. ಆಕೆ 1906ರಲ್ಲಿ ತೀರಿಕೊಂಡ ಮೇಲೆ ವೈದ್ಯರು ಆಕೆಯ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಜೀವಕೋಶಗಳ ನಡುವೆ ಗಂಟುಗಂಟಾಗಿ ಏನೋ ಕೂತಿತ್ತು, ಕೋಶಗಳ ಒಳಗೆ ಎಳೆಗಳು ಸಿಕ್ಕುಸಿಕ್ಕಾಗಿದ್ದವು. ಕಾಯಿಲೆಗೆ ಆ ವೈದ್ಯರ ಹೆಸರು ಬಂದದ್ದು ಹೀಗೆ. ಇದನ್ನು ಯಾಕೆ ಹೇಳಿದೆ ಅಂದರೆ, "ಅರವತ್ತಕ್ಕೆ ಅರಳು ಮರಳು" ಅನ್ನುವ ಗಾದೆ ನಮ್ಮಲ್ಲಿ ತುಂಬ ಹಾನಿ ಮಾಡಿದೆ. ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಅಂತ ಜನ ಸುಮ್ಮನಾಗಿಬಿಡುತ್ತಾರೆ. ವಯಸ್ಸಾದರೆ ಕನ್ನಡಕ ಎಲ್ಲಿಟ್ಟೆ ಅಂತ ಮರೆಯುವುದು ಸಹಜ. ಕನ್ನಡಕ ಯಾತಕ್ಕೆ ಅಂತಲೇ ಮರೆಯುವುದು ಕಾಯಿಲೆ. ನಿಮ್ಮ ಮನೆಯವರು ಡಾಕ್ಟರ ಬಳಿ ಕರೆದುಕೊಂಡು ಹೋಗಿದ್ದಾರಲ್ಲ, ಅದು ಒಳ್ಳೆಯ ಕೆಲಸ.

ಇನ್ನು ಪರ್ಸಿನ ವಿಷಯ. ಈ ಕಾಯಿಲೆ ಇರುವ ತುಂಬ ಮನೆಗಳಲ್ಲಿ ಈ ಕಳ್ಳತನದ ಆರೋಪ ಬರುತ್ತದೆ. ಅದರ ಹಿಂದಿನ ಕತೆ ಬಹುತೇಕ ಒಂದೇ. ಅಜ್ಜಿಗೆ ಏನೋ ಭಯ. ಸುತ್ತಲಿನದೆಲ್ಲ ಕೈ ಜಾರುತ್ತಿದೆ ಅನ್ನಿಸುತ್ತಿರುತ್ತದೆ. ಜೋಪಾನವಾಗಿರಲಿ ಅಂತ ಪರ್ಸನ್ನು ಎಲ್ಲೋ ಬಚ್ಚಿಡುತ್ತಾರೆ. ಬಚ್ಚಿಟ್ಟದ್ದು ನೆನಪಿನಲ್ಲಿ ಬರೆದಿಲ್ಲ. ಆಮೇಲೆ ನೋಡಿದರೆ ಪರ್ಸ್ ಇಲ್ಲ. ಮಿದುಳಿಗೆ ಖಾಲಿ ಜಾಗ ಸಹಿಸೋಕಾಗಲ್ಲ, ಏನಾದರೂ ಒಂದು ಕಾರಣ ಹೊಂದಿಸುತ್ತದೆ. "ನಾನು ಇಟ್ಟೇ ಇಲ್ಲ, ಪರ್ಸ್ ಇಲ್ಲ, ಹಾಗಾದರೆ ಯಾರೋ ತಗೊಂಡಿದ್ದಾರೆ." ಯಾರು? ದಿನಾ ಹತ್ತಿರ ಓಡಾಡುವವರು. ನೀನು ಅವರ ಹತ್ತಿರ ಹೆಚ್ಚು ಇರುತ್ತೀಯ, ಅದಕ್ಕೇ ನಿನ್ನ ಮೇಲೆ ಬಂತು. ದೂರದ ನೆಂಟರ ಮೇಲೆ ಯಾಕೆ ಬರುತ್ತದೆ? ಅವರು ಆ ಕೋಣೆಗೇ ಬರುವುದಿಲ್ಲವಲ್ಲ.

ಮುಂದಿನ ಸಲ ಹೀಗಾದಾಗ "ನಾನು ಕದ್ದಿಲ್ಲ" ಅಂತ ವಾದಕ್ಕೆ ಇಳಿಯಬೇಡ. ನೀನು ಹೇಳುವುದು ನೂರಕ್ಕೆ ನೂರು ಸತ್ಯ, ಆದರೆ ಆ ಸತ್ಯ ಆಗ ಅವರೊಳಗೆ ಇಳಿಯುವುದಿಲ್ಲ. "ಅಯ್ಯೋ, ಪರ್ಸ್ ಸಿಗ್ತಿಲ್ವಾ ಅಜ್ಜಿ? ಬೇಜಾರಾಗುತ್ತೆ ಅಲ್ವಾ? ಬನ್ನಿ, ಇಬ್ಬರೂ ಹುಡುಕೋಣ" ಅನ್ನು. ಕದ್ದೆ ಅಂತ ಒಪ್ಪಿಕೊಳ್ಳಲೂ ಬೇಡ, ಅಲ್ಲಗಳೆಯಲೂ ಬೇಡ. ಅವರ ಗಾಬರಿಗೆ ಮಾತ್ರ ಉತ್ತರ ಕೊಡು. ಸಿಕ್ಕಾಗ "ನೋಡಿ, ನೀವೇ ಇಟ್ಟಿದ್ರಿ!" ಅಂತ ಹೇಳಬೇಡ. "ಸಿಕ್ಕೇಬಿಡ್ತು" ಅಂದರೆ ಸಾಕು. ಬಚ್ಚಿಡುವ ಜಾಗಗಳು ಸಾಮಾನ್ಯವಾಗಿ ನಾಲ್ಕೈದೇ ಇರುತ್ತವೆ. ದಿಂಬಿನ ಕೆಳಗೆ, ಮಡಿಸಿಟ್ಟ ಬಟ್ಟೆಗಳ ನಡುವೆ, ಹಾಸಿಗೆಯ ಅಡಿ. ಒಂದು ವಾರ ಗಮನಿಸಿದರೆ ನಿನಗೇ ಗೊತ್ತಾಗುತ್ತದೆ. ಅದೇ ತರಹದ ಇನ್ನೊಂದು ಪರ್ಸ್ ಇಟ್ಟುಕೊಂಡರೆ ಇನ್ನೂ ಒಳ್ಳೆಯದು.

ತಾತನ ವಿಷಯ ಇದಕ್ಕಿಂತ ಕಷ್ಟ. "ತಾತ ತೀರಿಕೊಂಡು ಆರು ವರ್ಷ ಆಯ್ತಲ್ಲ ಅಜ್ಜಿ" ಅಂತ ಪ್ರತಿ ಸಂಜೆ ನೆನಪಿಸಿದರೆ ಅವರು ಪ್ರತಿ ಸಂಜೆ ಹೊಸದಾಗಿ ಗಂಡನನ್ನು ಕಳೆದುಕೊಳ್ಳುತ್ತಾರೆ. ಸುದ್ದಿ ಮರೆಯುತ್ತಾರೆ, ದುಃಖ ಉಳಿದುಬಿಡುತ್ತದೆ. ಮೇಲೆ ಹೇಳಿದೆನಲ್ಲ, ಅದೇ. ಹಾಗಂತ "ಈಗ ಬರ್ತಾರೆ" ಅಂದರೆ ಬಾಗಿಲು ನೋಡುತ್ತಾ ಕೂರುತ್ತಾರೆ. ನನಗೆ ಎರಡೂ ಒಪ್ಪಿಗೆಯಿಲ್ಲ. ಆ ಪ್ರಶ್ನೆಯ ಒಳಗೆ ಇರುವುದು ಅವರು ಬೇಕು ಅನ್ನುವ ಹಂಬಲ. ಅದನ್ನು ಮಾತಾಡಿಸು. "ತಾತ ನೆನಪಾದ್ರಾ ಅಜ್ಜಿ? ಅವರು ಮನೆಗೆ ಬಂದ ತಕ್ಷಣ ಏನ್ ಮಾಡ್ತಿದ್ರು?" ಅಂತ ಕೇಳು. ತುಂಬ ಸಲ ಅಜ್ಜಿಯಂದಿರು ಕತೆ ಶುರು ಮಾಡುತ್ತಾರೆ, ಬಾಗಿಲು ಮರೆಯುತ್ತಾರೆ. ನಿನಗೆ ಗೊತ್ತೇ ಇಲ್ಲದ ತಾತನೊಬ್ಬ ಸಿಗಲೂಬಹುದು. ಆದರೆ ಅವರೇ ನಿನ್ನ ಕಣ್ಣಲ್ಲಿ ಕಣ್ಣಿಟ್ಟು "ತೀರಿಕೊಂಡ್ರಾ?" ಅಂತ ಕೇಳಿದರೆ ಸುಳ್ಳು ಹೇಳಬೇಡ. ಮೆಲ್ಲಗೆ ಹೌದು ಅನ್ನು, ಕೈ ಹಿಡಿದು ಪಕ್ಕದಲ್ಲಿ ಕೂತಿರು. ಸಂಜೆ ಕತ್ತಲಾಗುವ ಮೊದಲೇ ಮನೆಯ ದೀಪಗಳನ್ನೆಲ್ಲ ಹಾಕಿಬಿಡಿ. ಟಿವಿಯ ಗದ್ದಲ ಕಡಿಮೆ ಮಾಡಿ. ಇಷ್ಟರಿಂದಲೇ ಕೆಲವು ಮನೆಗಳಲ್ಲಿ ಸಂಜೆಯ ಚಡಪಡಿಕೆ ಇಳಿದದ್ದನ್ನು ನೋಡಿದ್ದೇನೆ.

ಒಂದು ಕೆಲಸ ಮಾತ್ರ ಇವತ್ತೇ ನಿಲ್ಲಿಸಬೇಕು, ನೀನು ಮಾತ್ರ ಅಲ್ಲ, ಮನೆಗೆ ಬಂದವರೆಲ್ಲ. "ನಾನು ಯಾರು ಹೇಳಿ ನೋಡೋಣ?" ಅನ್ನುವ ಪರೀಕ್ಷೆ. ಕೇಳುವವರಿಗೆ ಅದು ಪ್ರೀತಿ. ಅಜ್ಜಿಗೆ ಅದು ಉತ್ತರ ಗೊತ್ತಿಲ್ಲದ ಪರೀಕ್ಷೆಯ ಕೋಣೆ. ಎಲ್ಲರೂ ಮುಖ ನೋಡುತ್ತಿರುತ್ತಾರೆ, ಉತ್ತರ ಬರುತ್ತಿಲ್ಲ, ತಪ್ಪಾದರೆ ಎದುರಿನವರ ಮುಖ ಬಾಡುತ್ತದೆ. ಅದರ ಬದಲು ಎದುರಿಗೆ ಬಂದು, ಕಣ್ಣಿಗೆ ಕಾಣುವ ಹಾಗೆ ಕೂತು, "ಅಜ್ಜಿ, ನಾನು ನಿಮ್ಮ ಮೊಮ್ಮಗಳು ಬಂದೆ" ಅಂತ ಉತ್ತರವನ್ನು ನೀನೇ ಕೊಟ್ಟುಬಿಡು. ಅಮ್ಮನ ಹೆಸರಿನಿಂದ ಕರೆದರೆ ಪ್ರತಿ ಸಲ ತಿದ್ದಬೇಕಾಗಿಲ್ಲ. ಒಮ್ಮೊಮ್ಮೆ ಸುಮ್ನೆ "ಹೂಂ" ಅನ್ನಬಹುದು.

ನೆನಪಿನಲ್ಲಿ ಬೇರೆ ಬೇರೆ ಬಗೆಗಳಿವೆ, ಎಲ್ಲವೂ ಒಟ್ಟಿಗೆ ಹೋಗುವುದಿಲ್ಲ ಅನ್ನುವುದೂ ನಿನಗೆ ಉಪಯೋಗಕ್ಕೆ ಬರುತ್ತದೆ. ಹೆನ್ರಿ ಮೊಲೈಸನ್ ಎಂಬ ಅಮೆರಿಕದ ವ್ಯಕ್ತಿಗೆ 1953ರಲ್ಲಿ ಮೂರ್ಛೆರೋಗಕ್ಕಾಗಿ ಮಿದುಳಿನ ಆಪರೇಷನ್ ಆಯಿತು. ಎರಡೂ ಕಡೆಯ ಹಿಪೊಕ್ಯಾಂಪಸ್‌ನ ಬಹುಭಾಗವನ್ನು ತೆಗೆದಿದ್ದರು. ಆಮೇಲೆ ಅವರಿಗೆ ಹೊಸದೇನೂ ನೆನಪಿರುತ್ತಿರಲಿಲ್ಲ. ಬ್ರೆಂಡಾ ಮಿಲ್ನರ್ ಎಂಬ ವಿಜ್ಞಾನಿ ಅವರಿಗೆ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಗೆರೆ ತಿದ್ದುವ ಕೆಲಸ ಕೊಟ್ಟರು. ದಿನದಿಂದ ದಿನಕ್ಕೆ ಅವರ ಕೈ ಪಳಗಿತು. ಆದರೆ ಹಿಂದಿನ ದಿನ ಅದನ್ನು ಮಾಡಿದ್ದೇ ಅವರಿಗೆ ನೆನಪಿರಲಿಲ್ಲ! ಕೈಯ ನೆನಪು ಬೇರೆ ಕಡೆ ಇರುತ್ತದೆ. ಅಜ್ಜಿಯದ್ದು ಬೇರೆ ಕಾಯಿಲೆ, ಆದರೂ ಕೈ ಕಲಿತ ಕೆಲಸ ಮತ್ತು ಹಳೆಯ ಹಾಡು ತುಂಬ ಕಾಲ ಉಳಿಯುವುದು ಅವರಂಥವರಲ್ಲೂ ಸಾಮಾನ್ಯ. ಹಾಗಾಗಿ ಅಜ್ಜಿಯ ಜೊತೆ ಏನು ಮಾಡಲಿ ಅನ್ನಿಸಿದಾಗ ಪ್ರಶ್ನೆ ಕೇಳಬೇಡ, ಕೆಲಸ ಕೊಡು. ಒಗೆದ ಬಟ್ಟೆ ತಂದು ಮುಂದಿಟ್ಟು ಇಬ್ಬರೂ ಮಡಿಸಿ. ಅವರ ಹರೆಯದ ದಿನಗಳ ಹಾಡು ಮೊಬೈಲಿನಲ್ಲಿ ಹಾಕು. ಐದು ಮಾತು ಜೋಡಿಸಲಾಗದವರು ಒಂದಿಡೀ ಚರಣ ಹಾಡಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅವರು ಖುಷಿಯಾಗಿ ಮಾತಾಡುವಾಗ ಕೇಳಿ, ಒಪ್ಪಿದರೆ, ಧ್ವನಿ ರೆಕಾರ್ಡ್ ಮಾಡಿಟ್ಟುಕೋ. ಇದನ್ನು ಮುಂದೂಡಬೇಡ.

ಈಗ ನಿನ್ನ ಬಗ್ಗೆ. ಕೋಣೆಗೆ ಹೋಗುವುದೇ ಬೇಡ ಅನ್ನಿಸುತ್ತದೆ, ಆಮೇಲೆ ಅಳು ಬರುತ್ತದೆ ಅಂತ ಬರೆದಿದ್ದೀಯ. ಅಜ್ಜಿ ಎದುರಿಗೇ ಇದ್ದಾರೆ, ಆದರೆ ನಿನ್ನ ಹೆಸರು ಹಿಡಿದು ಕರೆದು ಪಕ್ಕದಲ್ಲಿ ಮಲಗಿಸಿಕೊಳ್ಳುತ್ತಿದ್ದ ಆ ಅಜ್ಜಿ ಇಲ್ಲ. ನೀನು ಅವರಿಗಾಗಿ ಅಳುತ್ತಿದ್ದೀಯ. ಪಾಲಿನ್ ಬಾಸ್ ಎಂಬ ಅಮೆರಿಕದ ವಿದ್ವಾಂಸೆ ಇಂಥ ದುಃಖಕ್ಕೆ ಬೇರೆಯದೇ ಹೆಸರು ಕೊಟ್ಟರು. ಕನ್ನಡದಲ್ಲಿ 'ತೀರ್ಮಾನವಾಗದ ಅಗಲಿಕೆ' ಅನ್ನಬಹುದೇನೋ. ಸತ್ತರೆ ಜನ ಬಂದು ಸಮಾಧಾನ ಹೇಳುತ್ತಾರೆ. ಇದಕ್ಕೆ ಯಾರೂ ಬರುವುದಿಲ್ಲ, ಯಾಕೆಂದರೆ "ಅಜ್ಜಿ ಇದ್ದಾರಲ್ಲ!" ಅದಕ್ಕೇ ಇದು ಒಳಗೊಳಗೇ ಸಿಟ್ಟಾಗುತ್ತದೆ, ನಾಚಿಕೆಯಾಗುತ್ತದೆ, ಓದಿಗೆ ಕೂತಾಗ ತಲೆ ಖಾಲಿಯಾಗುತ್ತದೆ. ಇದು ದುಃಖ ಅಂತ ನೀನೇ ಗುರುತಿಸಿದರೆ ಅದನ್ನು ಇನ್ನೊಬ್ಬರಿಗೆ ಹೇಳುವುದೂ ಸ್ವಲ್ಪ ಸುಲಭ.

ಅಮ್ಮನಿಗೆ ಹೇಳು. "ಬಿಡು, ಅವರಿಗೆ ನೆನಪಿಲ್ಲ" ಅನ್ನುವ ಅಮ್ಮನೂ ತನ್ನ ತಾಯಿಯನ್ನು ಹೀಗೇ ಕಳೆದುಕೊಳ್ಳುತ್ತಿದ್ದಾರೆ. ಬಹುಶಃ ಆ ಮಾತು ಅವರು ತಮಗೇ ಹೇಳಿಕೊಳ್ಳುವ ಸಮಾಧಾನ. ಇಬ್ಬರೂ ಒಟ್ಟಿಗೆ ಕೂತು ಒಂದು ಸಲ ಅತ್ತರೆ ತಪ್ಪೇನಿಲ್ಲ. ಜೊತೆಗೆ ಕೆಲಸದ ಮಾತನ್ನೂ ಆಡಿ. ಅಜ್ಜಿಗೆ ಮಾತ್ರೆ ಕೊಡುವ ಹೊಣೆ, ಸ್ನಾನ, ರಾತ್ರಿ ಕಾಯುವುದು ನಿನ್ನ ತಲೆಗೆ ಬರಬಾರದು. ಅದು ದೊಡ್ಡವರ ಕೆಲಸ. ದಿನಕ್ಕೆ ಅರ್ಧ ಗಂಟೆ ಅಜ್ಜಿಯ ಜೊತೆ ಮನಸ್ಸಿಟ್ಟು ಕೂರುತ್ತೇನೆ, ಓದುವ ಹೊತ್ತಿನಲ್ಲಿ ನನ್ನನ್ನು ಕರೆಯಬೇಡಿ ಅಂತ ನೀನು ಹೇಳಬಹುದು. ಹಾಗೆ ಹೇಳುವುದು ಸ್ವಾರ್ಥ ಅಲ್ಲ. ಸಿಟ್ಟು ನೆತ್ತಿಗೇರುತ್ತಿದೆ ಅನ್ನಿಸಿದ ತಕ್ಷಣ, ಅಜ್ಜಿಗೆ ಅಪಾಯವಿಲ್ಲ ಅಂತ ನೋಡಿಕೊಂಡು, ಕೋಣೆಯಿಂದ ಹೊರಗೆ ಬಂದುಬಿಡು. ಐದು ನಿಮಿಷ ಬಿಟ್ಟು ಮತ್ತೆ ಒಳಗೆ ಹೋದರೆ ಅವರಿಗೆ ನೀನು ಹೊಸದಾಗಿ ಬಂದವಳೇ. ಎರಡು ವಾರ ಕಳೆದರೂ ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಯಾವುದರಲ್ಲೂ ಆಸಕ್ತಿಯಿಲ್ಲ ಅಂತಾದರೆ ಅಪ್ಪ ಅಮ್ಮನಿಗೆ ಹೇಳಿ ಆಪ್ತಸಮಾಲೋಚಕರನ್ನು ನೋಡು.

ಗೆಳತಿಗೆ ಎರಡೇ ಮಾತು ಸಾಕು. "ಅಜ್ಜಿಗೆ ನೆನಪಿನ ಕಾಯಿಲೆ ಇದೆ. ಅವತ್ತು ಹೇಳಿದ್ದು ಕಾಯಿಲೆಯ ಮಾತು." ಆಕೆ ಒಳ್ಳೆಯ ಗೆಳತಿಯಾದರೆ ಮೂರನೇ ಮಾತು ಕೇಳುವುದಿಲ್ಲ.

ಒಂದು ಎಚ್ಚರಿಕೆ. ಆಲ್‌ಝೈಮರ್ ನಿಧಾನವಾಗಿ, ತಿಂಗಳು ವರ್ಷಗಳಲ್ಲಿ ಹೆಚ್ಚುವ ಕಾಯಿಲೆ. ಅಜ್ಜಿ ಒಂದೆರಡು ದಿನದಲ್ಲೇ ಇದ್ದಕ್ಕಿದ್ದಂತೆ ತೀರಾ ಗೊಂದಲಕ್ಕೆ ಬಿದ್ದರೆ, ಹಗಲೆಲ್ಲ ತೂಕಡಿಸಿದರೆ, ಇಲ್ಲದ್ದನ್ನು ಕಂಡರೆ, "ಮರೆವು ಜಾಸ್ತಿಯಾಗಿದೆ" ಅಂತ ಬಿಡಬೇಡಿ. ಮೂತ್ರದ ಸೋಂಕು, ನ್ಯುಮೋನಿಯಾ, ಮೈಯಲ್ಲಿ ನೀರು ಕಡಿಮೆಯಾಗಿರುವುದು, ಹೊಸ ಮಾತ್ರೆ, ಇವುಗಳಿಂದಲೂ ಹಾಗಾಗುತ್ತದೆ. ಬೇಗ ಡಾಕ್ಟರಿಗೆ ತೋರಿಸಬೇಕು. ಮನೆಯಲ್ಲಿ ಹೆಚ್ಚು ಹೊತ್ತು ಅಜ್ಜಿಯನ್ನು ನೋಡುವವಳು ನೀನೇ ಆಗಿರುವುದರಿಂದ ಈ ಬದಲಾವಣೆ ಮೊದಲು ನಿನ್ನ ಕಣ್ಣಿಗೇ ಬೀಳಬಹುದು.

ಕೊನೆಯದು, ನಿನಗೂ ಹೀಗಾಗುತ್ತದಾ ಅನ್ನುವ ಭಯ. 2021ರ ಹೊತ್ತಿಗೆ ಜಗತ್ತಿನಲ್ಲಿ ಸುಮಾರು 5.7 ಕೋಟಿ ಜನಕ್ಕೆ ಡಿಮೆನ್ಷಿಯಾ (ಆಲ್‌ಝೈಮರ್‌ನಂಥ ಮರೆವಿನ ಕಾಯಿಲೆಗಳ ಒಟ್ಟು ಹೆಸರು) ಇತ್ತು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅವರಲ್ಲಿ ಬಹುಪಾಲು ಜನರಿಗೆ ಇದು ಬಂದದ್ದು ವಯಸ್ಸಾದ ಮೇಲೆ, ಹಲವು ಕಾರಣಗಳು ಸೇರಿ. ಒಂದೇ ವಂಶವಾಹಿಯಿಂದ ನೇರವಾಗಿ ಇಳಿದು ಬರುವ ಆಲ್‌ಝೈಮರ್ ನೂರರಲ್ಲಿ ಒಬ್ಬರಿಗೂ ಇಲ್ಲ. ಅದು ಸಾಮಾನ್ಯವಾಗಿ 65ಕ್ಕೆ ಮೊದಲೇ ಕಾಣಿಸಿಕೊಳ್ಳುತ್ತದೆ. ಅಜ್ಜಿಗೆ ಇಳಿವಯಸ್ಸಿನಲ್ಲಿ ಬಂದಿದ್ದರೆ ನಿನ್ನ ಸಾಧ್ಯತೆ ಉಳಿದವರಿಗಿಂತ ಸ್ವಲ್ಪ ಹೆಚ್ಚಿರಬಹುದು, ಅಷ್ಟೇ. ಹಣೆಬರಹ ಅಲ್ಲ. ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ 14 ಕಾರಣಗಳನ್ನು ಗುರುತಿಸಿ, ಅವನ್ನೆಲ್ಲ ಸರಿಪಡಿಸಿದರೆ ಸುಮಾರು ಶೇಕಡಾ 45ರಷ್ಟು ಡಿಮೆನ್ಷಿಯಾ ತಡೆಯಬಹುದು ಇಲ್ಲವೇ ಮುಂದೂಡಬಹುದು ಎಂದು ಲೆಕ್ಕ ಹಾಕಿತು. ಬಿಪಿ, ಸಕ್ಕರೆ ಕಾಯಿಲೆ, ಸಿಗರೇಟು, ತಲೆಗೆ ಪೆಟ್ಟು, ಕಿವಿ ಕೇಳದಿರುವುದು, ಒಂಟಿತನ ಎಲ್ಲ ಆ ಪಟ್ಟಿಯಲ್ಲಿವೆ. ನಿನ್ನ ವಯಸ್ಸಿಗೆ ಸಂಬಂಧಪಟ್ಟದ್ದೂ ಒಂದಿದೆ: ಓದು ಅರ್ಧಕ್ಕೆ ನಿಲ್ಲುವುದು. ಓದುವ ಹೊತ್ತನ್ನು ಉಳಿಸಿಕೋ ಅಂತ ಮೇಲೆ ಹೇಳಿದ್ದಕ್ಕೆ ಇದೂ ಒಂದು ಕಾರಣ ಅಂದುಕೋ.

ಕಿರುಚಿದ್ದಕ್ಕೆ ಕ್ಷಮೆ ಕೇಳಬೇಕು ಅಂತ ನಿನ್ನ ಮನಸ್ಸಲ್ಲಿದ್ದರೆ ಕೇಳು. ಯಾವುದಕ್ಕೆ ಅಂತ ವಿವರಿಸಲು ಹೋಗಬೇಡ, ಅವರಿಗೆ ಗೊತ್ತಾಗುವುದಿಲ್ಲ, ಗಾಬರಿಯಾಗಬಹುದು. ಪಕ್ಕದಲ್ಲಿ ಕೂತು, ಕೈ ಹಿಡಿದು, "ಸಾರಿ ಅಜ್ಜಿ" ಅಂದರೆ ಸಾಕು. "ಯಾಕೆ ಪುಟ್ಟಿ?" ಅಂತ ಕೇಳಿದರೆ "ಸುಮ್ನೆ" ಅನ್ನು. ಆಮೇಲೆ ಹಾಡು ಹಾಕು.